ಬ್ಯಾಟರಿ ಟ್ರಾಲಿಬಸ್: ತಂತಿ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಮಾರ್ಗನಕ್ಷೆ

ಬ್ಯಾಟರಿ ಟ್ರಾಲಿಬಸ್ಸಿಗೆಂದು (ರಸ್ತೆಯ ಮೇಲಿನ ವಿದ್ಯುತ್ ತಂತಿಯಡಿ ಓಡುತ್ತಲೇ ಬ್ಯಾಟರಿ ತುಂಬಿಕೊಂಡು, ತಂತಿ ಇಲ್ಲದ ಕಡೆ ಬ್ಯಾಟರಿಯಲ್ಲಿ ಓಡುವ ಬಸ್) ಒಂದು ಮಾದರಿ ಮಾರ್ಗವನ್ನು ಹಾಳೆಯ ಮೇಲೆ ಎಳೆದಿದ್ದೇನೆ. ಲೆಕ್ಕ ಬಲ್ಲವರು ತಿದ್ದಿಕೊಡಿ.

ಉದ್ದ 12 ಕಿ.ಮೀ. 18 ಮೀಟರಿನ ವೆಸ್ಟಿಬ್ಯೂಲ್ ಬಸ್, 6 ನಿಮಿಷಕ್ಕೊಂದು. ಮೊದಲ 4 ಕಿ.ಮೀ. ಹಳೆಯ ಪೇಟೆ, ಸರಾಸರಿ ವೇಗ ಗಂಟೆಗೆ 12 ಕಿ.ಮೀ. ಅದರಲ್ಲೂ ತುದಿಯ ಒಂದೂವರೆ ಕಿ.ಮೀ. ಪಾರಂಪರಿಕ ಬೀದಿ. ಅಲ್ಲಿ ಕಂಬ ನೆಡುವಂತಿಲ್ಲ, ಗೋಡೆಗೆ ಕೊಕ್ಕೆ ಹೊಡೆಯುವಂತಿಲ್ಲ. ಆಮೇಲೆ 1 ಕಿ.ಮೀ. ಏರು, ನೂರು ಮೀಟರಿಗೆ 8 ಮೀಟರ್ ಹತ್ತುತ್ತದೆ, ವೇಗ 20. ಉಳಿದ 7 ಕಿ.ಮೀ. ಅಗಲವಾದ ಹೊಸ ರಸ್ತೆ, ವೇಗ 28. ಎರಡೂ ತುದಿಯಲ್ಲಿ 4 ನಿಮಿಷ ವಿರಾಮ.

ಅಗಲ ರಸ್ತೆಯಲ್ಲಿ ಕಂಬ ನೆಡುವುದು ಸುಲಭ. ಹಾಗಾಗಿ ಆ 7 ಕಿ.ಮೀ.ಗೆ ಪೂರ್ತಿ ತಂತಿ, ಪೇಟೆ ಮತ್ತು ಏರು ಬ್ಯಾಟರಿಯ ಪಾಲಿಗೆ ಎಂಬುದು ಮೊದಲ ಅಂದಾಜು. ಇಷ್ಟು ತಂತಿ ಸಾಕೇ? ಬ್ಯಾಟರಿ ಎಷ್ಟು ಯೂನಿಟ್ಟಿನದು ಬೇಕು? ಬಸ್ಸಿನೊಳಗಿನ ಚಾರ್ಜರ್ ಎಷ್ಟು ಕಿಲೋವ್ಯಾಟ್ ಇರಬೇಕು?

ಸಾರಿಗೆ_ಲೆಕ್ಕ

ತಂತಿಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಮಿಷದಲ್ಲಿ ಅಳೆಯಿರಿ. ಖರ್ಚಾಗುವುದು ಕಿಲೋಮೀಟರ್ ಲೆಕ್ಕದಲ್ಲಿ, ತುಂಬುವುದು ಗಂಟೆ ಲೆಕ್ಕದಲ್ಲಿ. ಬಸ್ ನಿಧಾನ ಹೋಗುವ ಕಡೆ ಒಂದು ಕಿ.ಮೀ. ತಂತಿ ಹೆಚ್ಚು ಹೊತ್ತು ಚಾರ್ಜ್ ಕೊಡುತ್ತದೆ.

18 ಮೀಟರಿನ ಬಸ್ಸಿಗೆ ಹವಾನಿಯಂತ್ರಣ ಅಥವಾ ಹೀಟರ್ ಜೋರಾಗಿ ಓಡುವ ಕೆಟ್ಟ ದಿನಕ್ಕೆ ಕಿ.ಮೀ.ಗೆ 3 ಯೂನಿಟ್ ಹಿಡಿಯಿರಿ. ಸಾಧಾರಣ ದಿನ 2 ಚಿಲ್ಲರೆಯಲ್ಲಿ ಮುಗಿಯಬಹುದು, ಆದರೆ ಗಾತ್ರ ನಿರ್ಧರಿಸಬೇಕಾದ್ದು ಕೆಟ್ಟ ದಿನಕ್ಕೆ. 150 ಕಿ.ವ್ಯಾ. ಚಾರ್ಜರ್, ತಂತಿಯಡಿ ಇರುವ ಹೊತ್ತಿನಲ್ಲಿ ಮುಕ್ಕಾಲು ಭಾಗ ಮಾತ್ರ ನಿಜಕ್ಕೂ ಚಾರ್ಜ್ ಆಗುತ್ತದೆ, ಅದರಲ್ಲಿ ಶೇ 10 ನಷ್ಟ ಎಂದಿಟ್ಟುಕೊಳ್ಳೋಣ. ಆಗ ಗಂಟೆಗೆ ಸುಮಾರು 101 ಯೂನಿಟ್ ಬ್ಯಾಟರಿಗೆ ಸೇರುತ್ತದೆ. 28 ಕಿ.ಮೀ. ವೇಗದ ರಸ್ತೆಯಲ್ಲಿ ಅದು ತಂತಿಯ ಪ್ರತಿ ಕಿ.ಮೀ.ಗೆ 3.6 ಯೂನಿಟ್. 18ರ ವೇಗದಲ್ಲಿ 5.6. 12ರ ವೇಗದಲ್ಲಿ 8.4.

ಇದರಿಂದಲೇ ಮಾರ್ಗದ ಎಷ್ಟು ಪಾಲಿಗೆ ತಂತಿ ಬೇಕು ಎಂಬುದು ಸಿಗುತ್ತದೆ. ಕಿ.ಮೀ. ಖರ್ಚನ್ನು, ಖರ್ಚು ಮತ್ತು ಗಳಿಕೆಯ ಮೊತ್ತದಿಂದ ಭಾಗಿಸಿ. ಇಡೀ ಮಾರ್ಗ 18ರ ವೇಗದ್ದಾಗಿದ್ದರೆ 3 ಭಾಗಿಸು 8.6, ಅಂದರೆ ಶೇ 35. 28ರ ವೇಗವಾದರೆ ಶೇ 45. ಚಾರ್ಜರ್ 80 ಕಿ.ವ್ಯಾ.ಗೆ ಇಳಿದರೆ 18ರ ವೇಗದಲ್ಲೂ ಅರ್ಧ ಮಾರ್ಗಕ್ಕೆ ತಂತಿ ಬೇಕು.

ಈಗ ನಿಮ್ಮ ಮೊದಲ ಅಂದಾಜು. ಪೇಟೆಗೆ ಹೋಗಿಬರುವುದು 8 ಕಿ.ಮೀ., 24 ಯೂನಿಟ್. ಏರು ಹತ್ತಲು ಸುಮಾರು 10 ಯೂನಿಟ್ (ಲೆಕ್ಕ ಕೆಳಗಿದೆ). ಇಳಿಯುವಾಗ ಬ್ರೇಕ್ ಹಿಡಿದರೆ ಮೋಟಾರೇ ಕರೆಂಟ್ ಹುಟ್ಟಿಸುವುದರಿಂದ ಖರ್ಚು, ಗಳಿಕೆ ಸರಿಸಮ. ವಿರಾಮದಲ್ಲಿ ಹವಾನಿಯಂತ್ರಣಕ್ಕೆ ಒಂದೂ ಚಿಲ್ಲರೆ. ಒಟ್ಟು 35. ತಂತಿಯಡಿ ಸಿಗುವುದು ಹೋಗಿಬರುವಾಗ 30 ನಿಮಿಷ, ಹೊಸ ರಸ್ತೆ ಸಲೀಸಾದ್ದರಿಂದ ಅದರಲ್ಲಿ 24 ನಿಮಿಷ ಚಾರ್ಜ್. ನಷ್ಟ ಸೇರಿಸಿದರೆ 97 ಕಿ.ವ್ಯಾ. ಬೇಕು. 150ರ ಚಾರ್ಜರ್ ಇದ್ದರೆ ಕಾಗದದ ಮೇಲೆ ಪಾಸು.

ಆದರೂ ಈ ಯೋಜನೆ ನನಗೆ ಹಿಡಿಸಲಿಲ್ಲ, ಕಾರಣ ಆ ಏರು. ತುಂಬಿದ ಬಸ್ 29 ಟನ್. 80 ಮೀಟರ್ ಎತ್ತಲು ಗುರುತ್ವಕ್ಕೇ 6.3 ಯೂನಿಟ್, ಮೋಟಾರ್ ಮತ್ತು ಗೇರಿನ ನಷ್ಟ ಸೇರಿ 7ರ ಮೇಲೆ, ಕಿ.ಮೀ.ಯ ಮಾಮೂಲಿ 3 ಸೇರಿಸಿದರೆ ಆ 10. ಯೂನಿಟ್ಟಿಗಿಂತ ದೊಡ್ಡ ತಲೆನೋವು ಕಿಲೋವ್ಯಾಟ್. ಏರಿನ ಸರಾಸರಿ 20 ಆದರೂ ನಡುವೆ 30 ಮುಟ್ಟಬೇಕು; ಶೇ 8ರ ಏರನ್ನು ಆ ವೇಗದಲ್ಲಿ ಹತ್ತಲು ಚಕ್ರದಲ್ಲೇ 209 ಕಿ.ವ್ಯಾ. ಬೇಕು, ವಿದ್ಯುತ್ ಲೆಕ್ಕದಲ್ಲಿ 240. 70 ಯೂನಿಟ್ಟಿನ ಬ್ಯಾಟರಿಯಿಂದ ಪ್ರತಿ 6 ನಿಮಿಷಕ್ಕೆ ಒಂದಲ್ಲ ಒಂದು ಬಸ್ಸಿನಲ್ಲಿ ಇಷ್ಟು ಎಳೆದರೆ ಪ್ಯಾಕು ಬಿಸಿಯಾಗಿ ಬೇಗ ಮುದುಕಾಗುತ್ತದೆ. ಪ್ರಾಗ್ 1972ರಲ್ಲಿ ಮುಚ್ಚಿದ ಟ್ರಾಲಿಬಸ್ಸನ್ನು 2017ರಲ್ಲಿ ಮತ್ತೆ ಶುರು ಮಾಡಿದಾಗ ಮೊದಲ ತಂತಿ ಕಟ್ಟಿದ್ದು ಪ್ರೊಸೆಕ್ ಬಡಾವಣೆಗೆ ಹತ್ತುವ ಕಡಿದಾದ ರಸ್ತೆಗೆ. ಸಮತಟ್ಟು ಭಾಗವನ್ನು ಬ್ಯಾಟರಿಗೆ ಬಿಟ್ಟರು.

ಬರೀ_ಬ್ಯಾಟರಿ

ಇಷ್ಟೆಲ್ಲ ಕಂಬ, ತಂತಿ, ಇನ್ಸುಲೇಟರ್ ರಗಳೆ ಯಾಕೆ? ಮಾಸ್ಕೋ 2020ರಲ್ಲಿ ಟ್ರಾಲಿಬಸ್ ಜಾಲವನ್ನೇ ಮುಚ್ಚಿ ಬ್ಯಾಟರಿ ಬಸ್ಸಿಗೆ ಹೋಯಿತು. ವೆಲ್ಲಿಂಗ್ಟನ್ 2017ರಲ್ಲಿ ಟ್ರಾಲಿಬಸ್ ನಿಲ್ಲಿಸಿ ತಂತಿ ಕಿತ್ತುಹಾಕಿತು. 400 ಯೂನಿಟ್ಟಿನ ಪ್ಯಾಕ್ ಕೂರಿಸಿ, ರಾತ್ರಿ ಡಿಪೊದಲ್ಲಿ ಚಾರ್ಜ್ ಮಾಡಿ, ಸಾಲದಿದ್ದರೆ ತುದಿ ನಿಲ್ದಾಣದಲ್ಲಿ ಪ್ಯಾಂಟೊಗ್ರಾಫ್ (ನಿಂತ ಬಸ್ಸಿನ ಚಾವಣಿಗೆ ಚಾರ್ಜರ್ ಜೋಡಿಸುವ ಮಡಚು ತೋಳು) ಇಡಿ. ಮುಗಿಯಿತು.

ಸಾರಿಗೆ_ಲೆಕ್ಕ

@ಬರೀ_ಬ್ಯಾಟರಿ, ಇದೇ ಮಾರ್ಗಕ್ಕೆ ಲೆಕ್ಕ ಹಾಕೋಣ. ಓಡಾಟ 76 ನಿಮಿಷ, ವಿರಾಮ ಸೇರಿ ಸುತ್ತು 84. 6 ನಿಮಿಷಕ್ಕೊಂದರಂತೆ 14 ಬಸ್. ದಿನಕ್ಕೆ 16 ಗಂಟೆ ಓಡಿದರೆ ಒಂದು ಬಸ್ 270 ಕಿ.ಮೀ. ದಾಟುತ್ತದೆ, ಕೆಟ್ಟ ದಿನ 800 ಯೂನಿಟ್ಟಿಗೂ ಹೆಚ್ಚು ಬೇಕು. 400ರ ಪ್ಯಾಕು ಅರ್ಧ ದಿನಕ್ಕೆ ಡಿಪೊಗೆ ವಾಪಸ್. ಅದರ ತೂಕವೇ ಎರಡೂವರೆ ಟನ್ನಿನ ಆಸುಪಾಸು, ಅಷ್ಟು ಪ್ರಯಾಣಿಕರನ್ನು ಇಳಿಸಿದ ಹಾಗೆ.

ತುದಿಯಲ್ಲಿ ಚಾರ್ಜ್ ಅಂದರೆ ಒಂದು ಸುತ್ತಿಗೆ 72 ಯೂನಿಟ್. 450 ಕಿ.ವ್ಯಾ. ಪ್ಯಾಂಟೊಗ್ರಾಫಿನಲ್ಲೂ ಸುಮಾರು 10 ನಿಮಿಷ. ಇದು ವಿರಾಮದ ಮೇಲೆ ಕೂತರೆ ಸುತ್ತು 94 ನಿಮಿಷ, 16 ಬಸ್. ಒಂದು ಬಸ್ ತಡವಾಗಿ ಬಂದರೆ ಚಾರ್ಜ್ ಕತ್ತರಿಸಬೇಕು, ಇಲ್ಲ ಹಿಂದಿನದನ್ನು ಕಾಯಿಸಬೇಕು. ತಂತಿಯಡಿ ಚಾರ್ಜ್ ಆಗುವ ಬಸ್ಸಿಗೆ ಈ ಪೇಚು ಇಲ್ಲ. ಟ್ರಾಫಿಕ್ಕಿನಲ್ಲಿ ತಂತಿಯಡಿ ಸಿಕ್ಕಿಬಿದ್ದರೂ ಕನಿಷ್ಠ ಹವಾನಿಯಂತ್ರಣದ ಖರ್ಚು ತಂತಿಯಿಂದಲೇ ಹೋಗುತ್ತದೆ.

ನಿಮ್ಮ ಮಾತು ಸರಿಹೋಗುವುದು ಬಸ್ ವಿರಳವಾದ ಕಡೆ. 20 ಅಥವಾ 30 ನಿಮಿಷಕ್ಕೊಂದು ಬಸ್ ಇರುವ ರಸ್ತೆಗೆ ತಂತಿ ಹಾಕಬಾರದು, ಖಾಲಿ ತಂತಿಗೆ ಸಬ್‌ಸ್ಟೇಷನ್ ಸಾಕಿದಂತಾಗುತ್ತದೆ. ನಾಲ್ಕೈದು ಮಾರ್ಗ ಒಟ್ಟಿಗೆ ಓಡುವ ಮುಖ್ಯ ರಸ್ತೆಗೆ ತಂತಿ, ಅಲ್ಲಿಂದ ಕವಲೊಡೆದ ಮೇಲೆ ಪ್ರತಿ ಮಾರ್ಗವೂ ಬ್ಯಾಟರಿಯಲ್ಲಿ. ಜರ್ಮನಿಯ ಜೋಲಿಂಗನ್‌ನಲ್ಲಿ ಡೀಸೆಲ್ ಓಡುತ್ತಿದ್ದ 695ನೇ ಮಾರ್ಗವನ್ನು 2019ರಲ್ಲಿ ಹೀಗೆಯೇ ಬದಲಾಯಿಸಿದರು, ಇದ್ದ ತಂತಿಯ ಭಾಗದಲ್ಲಿ ಚಾರ್ಜ್, ಉಳಿದದ್ದು ಬ್ಯಾಟರಿ. ನಾರ್ವೆಯ ಬೆರ್ಗೆನ್‌ನಲ್ಲಿ 2ನೇ ಮಾರ್ಗವನ್ನು ಉದ್ದ ಮಾಡಿದ್ದೂ ಇದೇ ದಾರಿಯಲ್ಲಿ.

ಸೆಲ್‌ಪ್ಯಾಕ್

ಬ್ಯಾಟರಿ ಗಾತ್ರಕ್ಕೆ ಒಂದು ಸರಳ ಸೂತ್ರ. ತಂತಿ ಇಲ್ಲದ ಅತಿ ಉದ್ದದ ಓಟಕ್ಕೆ ಬೇಕಾದ ಯೂನಿಟ್ಟನ್ನು 0.6ರಿಂದ ಭಾಗಿಸಿ (ಮೇಲೆ ಶೇ 20, ಕೆಳಗೆ ಶೇ 20 ಮುಟ್ಟುವುದಿಲ್ಲ), ಮತ್ತೆ 0.8ರಿಂದ ಭಾಗಿಸಿ (ಆಯಸ್ಸಿನ ಕೊನೆಗೆ ಉಳಿಯುವ ಸಾಮರ್ಥ್ಯ). 35 ಯೂನಿಟ್ಟಿನ ಓಟಕ್ಕೆ 73 ಬರುತ್ತದೆ.

ರಾಸಾಯನಿಕ ಆರಿಸುವಾಗ ಯೂನಿಟ್ಟಿನ ಜತೆ ಚಾರ್ಜ್ ವೇಗವನ್ನೂ ನೋಡಬೇಕು. 70ರ ಪ್ಯಾಕಿಗೆ 150 ಕಿ.ವ್ಯಾ. ಅಂದರೆ ಸಾಮರ್ಥ್ಯದ 2.1 ಪಟ್ಟು. ದೂರ ಓಡುವ ಬ್ಯಾಟರಿ ಬಸ್ಸಿಗೆಂದು ಮಾಡಿದ ಸೆಲ್ ಇದನ್ನು ದಿನವಿಡೀ ತಾಳುವುದಿಲ್ಲ.

ಲಿಥಿಯಂ ಟೈಟನೇಟ್ ಇಲ್ಲಿ ಹಳೆಯ ಹುಲಿ. ನಾಲ್ಕು ಪಟ್ಟು ವೇಗದಲ್ಲೂ ತುಂಬುತ್ತದೆ, ಹತ್ತು ಸಾವಿರಕ್ಕೂ ಹೆಚ್ಚು ಸಲ ತುಂಬಿ ಖಾಲಿಯಾಗಬಲ್ಲದು, ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲೂ ಚಾರ್ಜ್ ತೆಗೆದುಕೊಳ್ಳುತ್ತದೆ. ಆದರೆ ಸೆಲ್ಲಿಗೆ 2.3 ವೋಲ್ಟ್ ಮಾತ್ರ. ಒಂದೇ ಯೂನಿಟ್ಟಿಗೆ ಬೇರೆಯವಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕ. ನಿಕಲ್ ಮ್ಯಾಂಗನೀಸ್ ಕೋಬಾಲ್ಟ್ ಹಗುರ, ಹೆಚ್ಚು ಶಕ್ತಿ ಕೊಡುವ ಮಾದರಿಗಳು 2ರಿಂದ 3 ಪಟ್ಟು ತಾಳುತ್ತವೆ, ತಂಪು ಮಾಡುವ ದ್ರವದ ಕೊಳವೆ ಮಾತ್ರ ಕಡ್ಡಾಯ. ಲಿಥಿಯಂ ಐರನ್ ಫಾಸ್ಫೇಟ್ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಬೆಂಕಿಯ ಭಯ ಕಡಿಮೆ.

ಫಾಸ್ಫೇಟಿಗೆ ಈ ಬಸ್ಸಿನಲ್ಲಿ ಒಂದು ವಿಶೇಷ ಕಾಟ ಇದೆ. ಶೇ 20ರಿಂದ 90ರವರೆಗೆ ಅದರ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ, 3.2ರಿಂದ 3.3. ವೋಲ್ಟೇಜ್ ನೋಡಿ ಎಷ್ಟು ತುಂಬಿದೆ ಎಂದು ಹೇಳಲಾಗದು, ಒಳಬಂದ ಮತ್ತು ಹೊರಹೋದ ಕರೆಂಟನ್ನು ಕೂಡಿಸಿ ಕಳೆದೇ ಅಂದಾಜಿಸಬೇಕು. ತಂತಿಯಡಿ ಓಡುವ ಬಸ್ ಎಂದೂ ಪೂರ್ತಿ ತುಂಬುವುದಿಲ್ಲ, ಎಂದೂ ಸುಮ್ಮನೆ ನಿಲ್ಲುವುದಿಲ್ಲ, ಹಾಗಾಗಿ ಆ ಲೆಕ್ಕ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಡ್ಯಾಶ್‌ಬೋರ್ಡ್ ಶೇ 45 ತೋರಿಸುತ್ತಿರುವಾಗ ಬಸ್ ದಿಢೀರನೆ ಶಕ್ತಿ ಕಡಿತಕ್ಕೆ ಹೋಗುವುದು ಇದರಿಂದ. ಮದ್ದು: ವಾರಕ್ಕೊಮ್ಮೆ ಡಿಪೊದಲ್ಲಿ ನಿಧಾನ ಚಾರ್ಜಿನಲ್ಲಿ ಶೇ 100ರವರೆಗೆ ಏರಿಸಿ, ಸೆಲ್‌ಗಳು ಸಮ ಆಗುವವರೆಗೆ ಬಿಟ್ಟು, ಮೀಟರನ್ನು ಮರುಹೊಂದಿಸುವುದು. ಉಳಿದ ದಿನ ಮೇಲಿನ ಮಿತಿ 80ರಲ್ಲೇ ಇರಲಿ. ಸದಾ ತುಂಬಿಕೊಂಡಿರುವ ಸೆಲ್ ಬೇಗ ಸೊರಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಬರುವ ಕರೆಂಟಿಗೂ ಜಾಗ ಇರಬೇಕು.

ಮಾರ್ಗನಕ್ಷೆ

@ಸಾರಿಗೆ_ಲೆಕ್ಕ, ಮುಕ್ಕಾಲು ಹೊತ್ತು ಮಾತ್ರ ಚಾರ್ಜ್ ಅಂದಿರಲ್ಲ, ಉಳಿದ ಕಾಲು ಎಲ್ಲಿ ಹೋಗುತ್ತದೆ? ಪೇಟೆಯಲ್ಲಿ ಬಸ್ ಸಿಗ್ನಲ್‌ನಲ್ಲಿ ನಿಂತಷ್ಟೂ ಹೆಚ್ಚು ಚಾರ್ಜ್ ಆಗಬೇಕಲ್ಲವೇ?

ಮೇಲ್ತಂತಿ

ಆಗುವುದಿಲ್ಲ. ಇದನ್ನು ಬಿಟ್ಟು ಲೆಕ್ಕ ಹಾಕಿದವರು ಬಹಳ.

ಬಸ್ಸಿನ ಚಾವಣಿಯಿಂದ ತಂತಿಗೆ ಚಾಚುವ ಟ್ರಾಲಿ ಕೋಲಿನ ತುದಿಯ ಶೂನಲ್ಲಿ ಒಂದು ಕಾರ್ಬನ್ ತುಂಡು, ನಡುವೆ ತಂತಿಗೆ ಹೊಂದುವ ತೋಡು. ತಂತಿಗೆ ತಾಗುವ ಜಾಗ ತೀರ ಚಿಕ್ಕದು. ಬಸ್ ಓಡುತ್ತಿದ್ದರೆ ಬಿಸಿ ತಂತಿಯ ಉದ್ದಕ್ಕೂ ಹಂಚಿಹೋಗುತ್ತದೆ. ನಿಂತರೆ ಅದೇ ಬಿಂದುವಿನಲ್ಲಿ ಸೇರುತ್ತದೆ. ಗಟ್ಟಿಯಾಗಿ ಎಳೆದು ಮಾಡಿದ ತಾಮ್ರ ಬಿಸಿಯಾದರೆ ಮೆತ್ತಗಾಗುತ್ತದೆ, ಸೆಳೆತ ಹಾಗೇ ಇರುತ್ತದೆ, ಒಂದು ದಿನ ಆ ಜಾಗದಲ್ಲೇ ತುಂಡಾಗುತ್ತದೆ. ನಿಲ್ದಾಣದ ಮೇಲೆ ದಿನಕ್ಕೆ ನೂರಾರು ಬಸ್ ಒಂದೇ ಜಾಗದಲ್ಲಿ ನಿಲ್ಲುತ್ತವೆ ಅನ್ನುವುದನ್ನು ಮರೆಯಬೇಡಿ. ಹಾಗಾಗಿ ಚಕ್ರ ನಿಂತ ತಕ್ಷಣ ಸಾಫ್ಟ್‌ವೇರ್ ಚಾರ್ಜ್ ಕರೆಂಟನ್ನು ಕೆಳಗಿಳಿಸುತ್ತದೆ. ಹೆಚ್ಚು ನಿಲ್ಲುವ ಪೇಟೆಯಲ್ಲಿ ಮುಕ್ಕಾಲಲ್ಲ, 0.6 ಹಿಡಿಯಿರಿ. ತಾಮ್ರಕ್ಕೆ ಬೆಳ್ಳಿ ಅಥವಾ ಮೆಗ್ನೀಷಿಯಂ ಬೆರೆಸಿದ ತಂತಿ ಬಿಸಿಯನ್ನು ಇನ್ನಷ್ಟು ತಾಳುತ್ತದೆ. ಚಾರ್ಜ್ ಭಾಗದಲ್ಲಿ ಅದನ್ನೇ ಹಾಕುವುದು ಒಳ್ಳೆಯದು.

ಇನ್ನೊಂದು ನಷ್ಟ ಸೆಕ್ಷನ್ ಇನ್ಸುಲೇಟರ್ (ತಂತಿಯ ಒಂದು ಭಾಗವನ್ನು ಮುಂದಿನದರಿಂದ ಬೇರ್ಪಡಿಸುವ ತುಂಡು), ತಂತಿಗಳ ಅಡ್ಡಹಾಯ್ದ ಜಾಗ, ಕವಲು. ಇವುಗಳಲ್ಲಿ ಕರೆಂಟ್ ಎಳೆಯುತ್ತ ಹಾದರೆ ಕಿಡಿ ಹಾರಿ ಇನ್ಸುಲೇಟರ್ ಸುಡುತ್ತದೆ. ಮೊದಲಾದರೆ ಚಾಲಕ ಪೆಡಲ್ ಬಿಟ್ಟು ತೇಲಿಕೊಂಡು ಹೋಗಬೇಕಿತ್ತು. ಈಗ ಬಸ್ಸಿಗೆ ಆ ಜಾಗಗಳ ನಕ್ಷೆ ಕೊಟ್ಟರೆ ಅಲ್ಲಿ ತಂತಿಯಿಂದ ಎಳೆಯುವುದನ್ನು ನಿಲ್ಲಿಸಿ ಬ್ಯಾಟರಿಯಲ್ಲಿ ಎಳೆಯುತ್ತದೆ, ಪ್ರಯಾಣಿಕನಿಗೆ ಗೊತ್ತೂ ಆಗುವುದಿಲ್ಲ.

ನನ್ನ ಕೇಳಿದರೆ ಬ್ಯಾಟರಿಯ ದೊಡ್ಡ ಉಪಕಾರ ದೂರ ಓಡುವುದಲ್ಲ, ಕವಲುಗಳನ್ನು ಕಿತ್ತುಹಾಕಲು ಬಿಡುವುದು. ಟ್ರಾಲಿಬಸ್ ತಂತಿಯಲ್ಲಿ ದುಬಾರಿ, ಭಾರ, ನೋಡಲು ಅಸಹ್ಯ, ಕೋಲು ಜಾರುವ ಜಾಗ ಎಲ್ಲವೂ ನಾಲ್ಕು ರಸ್ತೆ ಕೂಡುವಲ್ಲಿಯೇ. ನೇರ ರಸ್ತೆಯ ತಂತಿ ಸರಳ. ದೊಡ್ಡ ಸರ್ಕಲ್ಲಿಗೆ ಮೊದಲೇ ಕೋಲು ಇಳಿಸಿ, ದಾಟಿದ ಮೇಲಿನ ನಿಲ್ದಾಣದಲ್ಲಿ ಏರಿಸಿ. ರೋಮ್ 2005ರಲ್ಲೇ 90ನೇ ಮಾರ್ಗದಲ್ಲಿ ಪೋರ್ತಾ ಪಿಯಾದಿಂದ ತೆರ್ಮಿನಿ ನಿಲ್ದಾಣದವರೆಗೆ ತಂತಿ ಇಲ್ಲದೆ ಬ್ಯಾಟರಿಯಲ್ಲಿ ಓಡಿಸಿತು, ಆಗಿನ್ನೂ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ನಿಮ್ಮ ಪಾರಂಪರಿಕ ಬೀದಿಗೆ ಅದೇ ಉತ್ತರ.

ಮಾರ್ಗನಕ್ಷೆ

ಕೋಲು ಏರಿಸುವುದಕ್ಕೆ ಚಾಲಕ ಇಳಿಯಬೇಕೇ?

ಮೇಲ್ತಂತಿ

ಬೇಡ. ಇಳಿಸುವುದು ಎಲ್ಲಿ ಬೇಕಾದರೂ ಆಗುತ್ತದೆ, ಬಸ್ ನಿಂತಿರಬೇಕು ಅಷ್ಟೆ. ಗುಂಡಿ ಒತ್ತಿದರೆ ಕೆಲವು ಸೆಕೆಂಡುಗಳಲ್ಲಿ ಎರಡೂ ಕೋಲು ಚಾವಣಿಯ ಕೊಕ್ಕೆಗೆ ಬಂದು ಕೂರುತ್ತವೆ. ಏರಿಸಲು ತಂತಿಗೆ ಆಲಿಕೆಯ ಹಾಗೆ ಬಾಯಿ ಅಗಲವಾದ, ತಲೆಕೆಳಗಾದ ತಗಡನ್ನು ಕಟ್ಟಿರುತ್ತಾರೆ. ಕೋಲು ಅದಕ್ಕೆ ತಾಗಿ ಇಳಿಜಾರು ಗೋಡೆಯಲ್ಲಿ ಜಾರಿ ತಂತಿಗೆ ಕೂರುತ್ತದೆ. ಸುಮಾರು ಅರ್ಧ ನಿಮಿಷ, ಜನ ಹತ್ತಿ ಇಳಿಯುವ ಹೊತ್ತಿನಲ್ಲೇ ಮುಗಿಯುತ್ತದೆ.

ಕೆಡುವುದು ಹೀಗೆ. ಆಲಿಕೆಯನ್ನು ತಿರುವಿನ ಪಕ್ಕ ಇಟ್ಟರೆ ಬಸ್ ಓರೆ ನಿಲ್ಲುತ್ತದೆ, ಎರಡು ಕೋಲಿನಲ್ಲಿ ಒಂದು ಮಾತ್ರ ಕೂರುತ್ತದೆ. ರಸ್ತೆ ಒಂದು ಕಡೆ ವಾಲಿದ್ದರೂ ಅದೇ ಕಥೆ. ನಿಲ್ದಾಣದ ಮುಂದೆ ಬೇರೆ ಗಾಡಿ ನಿಲ್ಲಿಸಿದರೆ ಬಸ್ ಗುರುತಿಗೆ ಬರಲಾಗದು. ಹಾಗಾಗಿ ನೇರ, ಸಮತಟ್ಟು, ಅಂಚಿಗೆ ಒತ್ತಿ ನಿಲ್ಲಬಹುದಾದ ನಿಲ್ದಾಣ ಆರಿಸಿ, ನೆಲದ ಮೇಲೆ ಮುಂದಿನ ಚಕ್ರಕ್ಕೆ ಗೆರೆ ಎಳೆಯಿರಿ. ಮುಂದಿನ ನಿಲ್ದಾಣದಲ್ಲೂ ಇನ್ನೊಂದು ಆಲಿಕೆ ಇರಲಿ, ಮೊದಲನೆಯದು ತಪ್ಪಿದವರಿಗೆ ಎರಡನೇ ಅವಕಾಶ ಸಿಗುತ್ತದೆ.

ಡಿಪೊ_ರಾತ್ರಿಪಾಳಿ

ನಿರ್ವಹಣೆ ಬಗ್ಗೆ ಯಾರೂ ಎತ್ತಲಿಲ್ಲ. ಬ್ಯಾಟರಿ ಬಂದ ಮಾತ್ರಕ್ಕೆ ಟ್ರಾಲಿಬಸ್ಸಿನ ಹಳೆಯ ಕೆಲಸಗಳು ತಪ್ಪುವುದಿಲ್ಲ, ಕೆಲವು ಹೆಚ್ಚಾಗುತ್ತವೆ.

ಕಾರ್ಬನ್ ತುಂಡು ದಿನವೂ ನೋಡಬೇಕು. ಚಾರ್ಜಿನಿಂದ ಶೂ ಹೊರುವ ಕರೆಂಟ್ ಹೆಚ್ಚಾಗಿದೆ, ಸವೆತವೂ ಹೆಚ್ಚು. ಒಣ ದಿನಗಳಲ್ಲಿ ಬಹಳ ಬಾಳುವ ತುಂಡು ಜೋರು ಮಳೆಯಲ್ಲಿ ಅದರ ಒಂದು ಪಾಲೂ ಬಾಳುವುದಿಲ್ಲ, ಮಳೆಗಾಲದಲ್ಲಿ ಪಾಳಿಯ ನಡುವೆಯೂ ಬದಲಿಸಲು ಸಿದ್ಧ ಇರಬೇಕು. ತೋಡಿನ ಒಂದು ಪಕ್ಕ ಮಾತ್ರ ಸವೆದಿದ್ದರೆ ಶೂ ತಲೆ ಸರಿಯಾಗಿ ತಿರುಗುತ್ತಿಲ್ಲ ಎಂದರ್ಥ, ತುಂಡು ಬದಲಿಸಿ ಸುಮ್ಮನಾಗದೆ ತಲೆಯ ಬೇರಿಂಗ್ ಬಿಚ್ಚಿ ಗ್ರೀಸ್ ನೋಡಿ. ತುಂಡು ಪೂರ್ತಿ ಸವೆದು ಲೋಹ ತಂತಿಗೆ ತಾಗಿದರೆ ಒಂದು ಬಸ್ ಇಡೀ ಮಾರ್ಗದ ತಂತಿಯನ್ನು ಗೀರುತ್ತದೆ, ಆಮೇಲೆ ಆ ಒರಟು ತಂತಿ ಉಳಿದ ಬಸ್‌ಗಳ ಕಾರ್ಬನ್ ತಿನ್ನುತ್ತದೆ.

ಕೋಲಿನ ಒತ್ತಡವನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯಿರಿ, ಸಾಮಾನ್ಯವಾಗಿ 100 ನ್ಯೂಟನ್ ಆಸುಪಾಸು, ಕಂಪನಿ ಕೊಟ್ಟ ಅಂಕಿಯೇ ಅಂತಿಮ. ಕಡಿಮೆ ಇದ್ದರೆ ಕಿಡಿ, ಹೆಚ್ಚಿದ್ದರೆ ಸವೆತ. ಇಳಿಸಿ ಏರಿಸುವುದು ದಿನಕ್ಕೆ ಹತ್ತಾರು ಸಲ ಆಗುವುದರಿಂದ ಹಗ್ಗ, ರಾಟೆ, ಗಾಳಿ ಸಿಲಿಂಡರ್ ಬೇಗ ದಣಿಯುತ್ತವೆ. ಹಗ್ಗ ಒದ್ದೆಯಾಗಿ ಕೊಳಕು ಹಿಡಿದರೆ ಕರೆಂಟ್ ಹಾಯಿಸುತ್ತದೆ, ನೂಲು ಬಿಟ್ಟುಕೊಂಡದ್ದು ಕಂಡರೆ ಬದಲಿಸಿ.

ಜೀವಕ್ಕೆ ಸಂಬಂಧಿಸಿದ್ದು ಸೋರಿಕೆ ಕರೆಂಟ್. ಟ್ರಾಮಿಗೆ ಹಳಿ ಇದೆ, ಅದರ ಮೈ ನೆಲಕ್ಕೆ ಸೇರಿರುತ್ತದೆ. ಟ್ರಾಲಿಬಸ್ ರಬ್ಬರ್ ಟೈರಿನ ಮೇಲೆ ನಿಂತಿದೆ. ಇನ್ಸುಲೇಷನ್ ಹೋದರೆ ಬಸ್ಸಿನ ಮೈಗೆ 600 ವೋಲ್ಟ್ ಬರಬಹುದು. ಒಂದು ಕಾಲು ನೆಲದಲ್ಲಿಟ್ಟು ಕೈಯಲ್ಲಿ ಬಾಗಿಲ ಕಂಬಿ ಹಿಡಿದವನ ಮೂಲಕವೇ ಅದು ಭೂಮಿಗೆ ಇಳಿಯುತ್ತದೆ. ಅದಕ್ಕಾಗಿ ತಂತಿಗೆ ಸೇರುವ ಪ್ರತಿ ಭಾಗಕ್ಕೂ ಎರಡು ಪದರ ಇನ್ಸುಲೇಷನ್. ಕೋಲಿನ ಬುಡದ ಇನ್ಸುಲೇಟರ್‌ಗಳಿಗೆ ಕಾರ್ಬನ್ ಪುಡಿ, ರಸ್ತೆ ಧೂಳು, ತೇವ ಸೇರಿ ಕಪ್ಪು ಪದರ ಕಟ್ಟುತ್ತದೆ. ನಿಯಮಿತವಾಗಿ ತೊಳೆದು, ಒಣಗಿಸಿ, ಇನ್ಸುಲೇಷನ್ ರೋಧವನ್ನು ಅಳೆದು ಬರೆದಿಡಿ. ಒಂದೊಂದು ಅಳತೆಗಿಂತ ಅಂಕಿಯ ಇಳಿತ ಮುಖ್ಯ. ಮಿತಿಯೊಳಗೇ ಇದ್ದರೂ ವಾರವಾರ ಇಳಿಯುತ್ತಿರುವ ಬಸ್ಸನ್ನು ಮೊದಲು ಒಳಗೆ ಕರೆಯಿರಿ. ತಂತಿ ಮತ್ತು ಬ್ಯಾಟರಿ ಭಾಗಗಳ ನಡುವೆ ಟ್ರಾನ್ಸ್‌ಫಾರ್ಮರ್ ಇರುವ, ಪೂರ್ತಿ ಬೇರ್ಪಡಿಸಿದ ಡಿಸಿ-ಡಿಸಿ ಪರಿವರ್ತಕದ (ನೇರ ಕರೆಂಟಿನ ವೋಲ್ಟೇಜ್ ಬದಲಿಸುವ ಸಾಧನ) ಬಸ್ ಕೊಂಡರೆ ತಂತಿಗೆ ನೇರ ಸೇರುವ ಭಾಗ ತುಂಬ ಚಿಕ್ಕದಾಗುತ್ತದೆ, ಪರಿವರ್ತಕದ ಈಚೆಗೆ ಮಾಮೂಲಿ ಎಲೆಕ್ಟ್ರಿಕ್ ಬಸ್ಸಿನ ಮೋಟಾರ್, ಕಂಪ್ರೆಸರ್ ಬಳಸಬಹುದು. ಬೆಲೆ, ತೂಕ ಹೆಚ್ಚು, ಡಿಪೊಗೆ ನೆಮ್ಮದಿ.

ಅದಲ್ಲದೆ ಡಿಪೊ ಅಂಗಳಕ್ಕೆ ಪೂರ್ತಿ ತಂತಿಜಾಲ ಈಗ ಬೇಕಿಲ್ಲ. ಒಳಗೆ ಬ್ಯಾಟರಿಯಲ್ಲಿ ಓಡಾಡಿಸಿ, ಎರಡು ಮೂರು ಸಾಲಿಗೆ ಮಾತ್ರ ತಂತಿ ಇಡಿ, ಸೆಲ್ ಸಮ ಮಾಡಲು ಮತ್ತು ಹೊರಡುವ ಮೊದಲು ಒಳಾಂಗಣ ತಂಪು ಅಥವಾ ಬೆಚ್ಚಗೆ ಮಾಡಲು.

ಬರೀ_ಬ್ಯಾಟರಿ

ಕೆಲಸದ ಪಟ್ಟಿ ನೋಡಿದರೆ ನನ್ನ ವಾದಕ್ಕೇ ಬಲ ಬಂತು 🙂 ಆದರೂ 14ಕ್ಕೆ 16 ಬಸ್ ಲೆಕ್ಕ ಒಪ್ಪಿದೆ.

ಮಾರ್ಗನಕ್ಷೆ

ಎಲ್ಲ ಸೇರಿಸಿ ಹೊಸ ಯೋಜನೆ. ಪಾರಂಪರಿಕ ಒಂದೂವರೆ ಕಿ.ಮೀ. ಬ್ಯಾಟರಿ. ಪೇಟೆಯ ಉಳಿದ ಎರಡೂವರೆ ಕಿ.ಮೀ. ಎರಡೂ ದಿಕ್ಕಿಗೆ ತಂತಿ. ಏರಿಗೆ ಹತ್ತುವ ದಿಕ್ಕಿಗೆ ಮಾತ್ರ ತಂತಿ, ಇಳಿಯುವಾಗ ಬ್ಯಾಟರಿಯೇ ತುಂಬಿಕೊಳ್ಳುತ್ತದಲ್ಲ. ಹೊಸ ರಸ್ತೆಯ ಮೊದಲ 2 ಕಿ.ಮೀ.ಗೆ ಎರಡೂ ದಿಕ್ಕು, ಕೊನೆಯ 5 ಕಿ.ಮೀ. ಬ್ಯಾಟರಿ.

ಪೇಟೆಯಲ್ಲಿ ತಂತಿಯಡಿ 25 ನಿಮಿಷ, 0.6 ಹಿಡಿದರೆ 15. ಹೊಸ ರಸ್ತೆಯಲ್ಲಿ ಸುಮಾರು 7. ಏರಿನಲ್ಲಿ ಚಾರ್ಜ್ ಸೊನ್ನೆ ಎಂದಿಟ್ಟಿದ್ದೇನೆ. ಒಟ್ಟು 22 ನಿಮಿಷ. ತಂತಿ ಇಲ್ಲದ ಕಡೆ ಖರ್ಚು: ಪಾರಂಪರಿಕ ಬೀದಿ 9, ಹೊಸ ರಸ್ತೆಯಲ್ಲಿ ನಿಲ್ದಾಣ ಕಡಿಮೆ ಇರುವುದರಿಂದ ಕಿ.ಮೀ.ಗೆ 2.6ರಂತೆ 26, ಎರಡೂ ತುದಿಯ ವಿರಾಮಕ್ಕೆ 2.7, ಒಟ್ಟು 38ರ ಹತ್ತಿರ. ಚಾರ್ಜರ್ 115 ಕಿ.ವ್ಯಾ. ಸಾಕು, 150 ಇಟ್ಟರೆ ಶೇ 30 ಮಿಗುತ್ತದೆ. ಅತಿ ಉದ್ದದ ಓಟ 27 ಯೂನಿಟ್, ಪ್ಯಾಕ್ 57. 65 ಇಡೋಣವೇ?

ಸೆಲ್‌ಪ್ಯಾಕ್

65 ಇಡಿ. ಪಾರಂಪರಿಕ ಬೀದಿಯಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದರೆ ಹವಾನಿಯಂತ್ರಣಕ್ಕೇ 10 ಯೂನಿಟ್ ಹೋಗುತ್ತದೆ. 150 ಕಿ.ವ್ಯಾ. ಅಂದರೆ 2.3 ಪಟ್ಟು, ಟೆಂಡರಿನಲ್ಲಿ ಅದನ್ನು ನಿರಂತರ ದರ ಎಂದು ಬರೆಯಿರಿ. 'ಗರಿಷ್ಠ' ಎಂದು ಬರೆದರೆ ಹತ್ತು ಸೆಕೆಂಡಿನ ಅಂಕಿಯನ್ನು ತೋರಿಸುತ್ತಾರೆ.

ಸಬ್‌ಸ್ಟೇಷನ್_ಮೂಲೆ

ತಡವಾಗಿ ಬಂದೆ. ಬಸ್ಸಿನ ಕಡೆ ಲೆಕ್ಕ ಚೆನ್ನಾಗಿದೆ, ತಂತಿಯ ಕಡೆ ಯಾರೂ ನೋಡಿಲ್ಲ.

ಪೇಟೆಯ ಎರಡೂವರೆ ಕಿ.ಮೀ.ಯಲ್ಲಿ ಎರಡೂ ದಿಕ್ಕು ಸೇರಿ ಒಂದೇ ಹೊತ್ತಿಗೆ ನಾಲ್ಕು ಬಸ್. ಓಡಲು ಸರಾಸರಿ 36, ಚಾರ್ಜಿಗೆ 150, ಒಂದೊಂದಕ್ಕೆ 186 ಕಿ.ವ್ಯಾ. ನಾಲ್ಕಕ್ಕೆ 740. ಏರಿನ ಬಸ್ಸಿಗೆ 240, ಅದರ ಹವಾನಿಯಂತ್ರಣಕ್ಕೆ 20. ಸರಿಸುಮಾರು 1 ಮೆಗಾವ್ಯಾಟ್. ಹಳೆಯ ಕಾಲದ ಟ್ರಾಲಿಬಸ್ ಸಬ್‌ಸ್ಟೇಷನ್‌ನಲ್ಲಿ ಚಾರ್ಜ್ ಎಂಬ ಹೊರೆಯೇ ಇರಲಿಲ್ಲ, ಅದನ್ನು ನೋಡಿಕೊಂಡು ಅಂದಾಜು ಮಾಡಿದರೆ ಬ್ರೇಕರ್ ಬೀಳುತ್ತಲೇ ಇರುತ್ತದೆ.

ಈಗ ಏರು. 100 ಚದರ ಮಿ.ಮೀ. ತಾಮ್ರದ ತಂತಿ ಕಿ.ಮೀ.ಗೆ 0.177 ಓಮ್. ಹೋಗುವುದೊಂದು, ಬರುವುದೊಂದು, 0.354. ಏರಿನ ಬುಡದಿಂದ ಮಾತ್ರ 600 ವೋಲ್ಟ್ ಕೊಟ್ಟರೆ ತುದಿಯಲ್ಲಿರುವ ಬಸ್ಸಿಗೆ ಎಷ್ಟೇ ಎಳೆದರೂ 254 ಕಿ.ವ್ಯಾ.ಗಿಂತ ಹೆಚ್ಚು ಸಿಗುವುದೇ ಇಲ್ಲ. ಬೇಕಾದ್ದು 260. ಅಂದರೆ ವೋಲ್ಟೇಜ್ 400ರ ಕೆಳಗೆ ಕುಸಿದು, ಮೋಟಾರಿಗೆ ಕರೆಂಟ್ ಕೊಡುವ ಇನ್ವರ್ಟರ್ ಕೈಬಿಡುತ್ತದೆ. ತಂತಿ ಸವೆದ ಮೇಲೆ ಇನ್ನೂ ಕಷ್ಟ.

ದಾರಿ ಮೂರ್ನಾಲ್ಕು ಇವೆ. 750 ವೋಲ್ಟ್ ಆರಿಸಿದರೆ ಅದೇ ಬಸ್ಸಿಗೆ ತುದಿಯಲ್ಲಿ 595 ವೋಲ್ಟ್ ಉಳಿಯುತ್ತದೆ, ಹೊಸ ಜಾಲಕ್ಕೆ ಇದೇ ಜಾಣತನ. 600ರ ಹಳೆಯ ಜಾಲ ಆದರೆ ಸಬ್‌ಸ್ಟೇಷನ್ ಅನ್ನು ಏರಿನ ನಡುವಿಗೆ ತನ್ನಿ, ಅಥವಾ ಪಕ್ಕದಲ್ಲಿ ಫೀಡರ್ ಕೇಬಲ್ ಎಳೆಯಿರಿ. ಜತೆಗೆ ಬಸ್ಸಿನ ಸಾಫ್ಟ್‌ವೇರ್‌ನಲ್ಲಿ ತಂತಿಯ ವೋಲ್ಟೇಜ್ ನೋಡಿ ಚಾರ್ಜ್ ಇಳಿಸುವ ನಿಯಮ ಇರಲಿ: ಉದಾಹರಣೆಗೆ 560ರ ಮೇಲೆ ಪೂರ್ತಿ ಚಾರ್ಜ್, ಅಲ್ಲಿಂದ ಇಳಿಯುತ್ತ 480ಕ್ಕೆ ಸೊನ್ನೆ, ಅದಕ್ಕೂ ಕೆಳಗಾದರೆ ಬ್ಯಾಟರಿ ತಿರುಗಿ ಮೋಟಾರಿಗೆ ಹೆಗಲು ಕೊಡಬೇಕು. ಬ್ಯಾಟರಿ 80 ಕಿ.ವ್ಯಾ. ಕೊಟ್ಟರೂ ಏರಿನ ಸಂಕಟ ಅರ್ಧ ಇಳಿಯುತ್ತದೆ.

ಮೇಲ್ತಂತಿ

@ಸಬ್‌ಸ್ಟೇಷನ್_ಮೂಲೆ, ಕೇಬಲ್ ಎಳೆಯುವ ಬದಲು ಇಳಿಯುವ ದಿಕ್ಕಿಗೂ ತಂತಿ ಹಾಕಿಬಿಟ್ಟರೆ? ಕಂಬ ಹೇಗೂ ನೆಟ್ಟಾಗಿದೆ, ತೋಳು ಉದ್ದ ಮಾಡಿ ಇನ್ನೆರಡು ತಂತಿ. ಇಲ್ಲದಿದ್ದರೆ ಇಳಿಯುವ ಬಸ್ ಏರಿನ ನೆತ್ತಿಯಲ್ಲಿ ಕೋಲು ಇಳಿಸಿ ಬುಡದಲ್ಲಿ ಮತ್ತೆ ಏರಿಸಬೇಕು, 1 ಕಿ.ಮೀ.ಗೆ ಎರಡು ಕೆಲಸ, ಒಂದು ಆಲಿಕೆ.

ಸಬ್‌ಸ್ಟೇಷನ್_ಮೂಲೆ

ಅದೇ ಅತ್ಯುತ್ತಮ. ಇಳಿಯುವ ಬಸ್ಸಿಗೆ ಆ ತಂತಿಯ ಅಗತ್ಯ ಇಲ್ಲ, ಹತ್ತುವ ಬಸ್ಸಿಗೆ ಇದೆ. ಎರಡು ಜೋಡಿಯನ್ನು ಸಮಾನಾಂತರ ಜೋಡಿಸಿದರೆ 0.354 ಓಮ್ 0.177 ಆಗುತ್ತದೆ. 600 ವೋಲ್ಟಿನಲ್ಲೇ, ಬುಡದಿಂದಲೇ ಕೊಟ್ಟರೂ ನೆತ್ತಿಯ ಬಸ್ಸಿಗೆ 510 ವೋಲ್ಟ್, 510 ಆಂಪಿಯರ್. ಇಳಿಯುವ ಬಸ್ ಬ್ರೇಕಿನಲ್ಲಿ ಹುಟ್ಟಿಸುವ ಕರೆಂಟ್ ಬ್ಯಾಟರಿಗೆ ಹೋಗಿ ವಾಪಸ್ ಬರುವ ನಷ್ಟವಿಲ್ಲದೆ ನೇರವಾಗಿ ಹತ್ತುವ ಬಸ್ಸಿಗೆ ಸಿಗುತ್ತದೆ. ಆ ಹೊತ್ತಿಗೆ ಹತ್ತುವ ಬಸ್ ಇಲ್ಲದಿದ್ದರೆ ಬ್ಯಾಟರಿಗೆ.

ಎರಡು ವಿಷಯ ಗಮನಿಸಿ. ಎರಡು ಜೋಡಿಯನ್ನು ಸೇರಿಸುವ ಸೇತು ಕೇಬಲ್ ಪ್ರತಿ 200ರಿಂದ 300 ಮೀಟರಿಗೆ ಒಂದು, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಒಂದರ ಕೇಬಲ್ ಇನ್ನೊಂದರ ತಂತಿಯ ಮೇಲಿಂದ ಹಾಯುವುದರಿಂದ ಅಲ್ಲಿ ಎರಡು ಪದರ ಇನ್ಸುಲೇಷನ್ ಇರಲಿ. ಎರಡನೆಯದು ಬಸ್ಸಿನದು. ಪ್ಲಸ್-ಮೈನಸ್ ಅದಲುಬದಲಾದರೂ ಓಡಲಿ ಎಂದು ಪ್ರವೇಶದಲ್ಲಿ ಬರೀ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸೇತುವೆ ಇಟ್ಟ ಬಸ್ ತಂತಿಗೆ ಕರೆಂಟ್ ವಾಪಸ್ ಕೊಡಲಾರದು. ಡಯೋಡಿಗೆ ಅಡ್ಡಲಾಗಿ ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಮಾದರಿಯೇ ಬೇಕು ಎಂದು ಟೆಂಡರಿನಲ್ಲಿ ಬರೆಯಿರಿ.